ಪ್ರಸಂಗ ಭಾನುವಾರ, ಅಪಘಾತ ಸೋಮವಾರ

ಹೆದ್ದಾರಿಯಲ್ಲಿ ಸ್ಕೂಟರಿನವನೊಬ್ಬ ರಕ್ತ ಸುರಿಸಿಕೊಂಡು ಬಿದ್ದಿದ್ದರೆ ಏನಾಗುತ್ತದೆ? ಜನ ಸೇರುತ್ತಾರೆ. ಬಸ್ಸಿನ ಕಿಟಕಿಯಿಂದ ತಲೆಗಳು ಹೊರಬರುತ್ತವೆ. ನಾಲ್ಕು ಮಂದಿ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ. ಎತ್ತುವವ ಮಾತ್ರ ಇಲ್ಲ. "ಮುಟ್ಟಿದರೆ ಸ್ಟೇಷನ್ನು, ಕೋರ್ಟು ಅಂತ ಅಲೆಯಬೇಕು ಮಾರಾಯ್ರೆ, ನಮಗ್ಯಾಕೆ?" ಎಂಬ ಮಾತು ಎಲ್ಲರ ಬಾಯಲ್ಲೂ ರೆಡಿ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು 1,68,000ಕ್ಕೂ ಹೆಚ್ಚು.

ಇದು ಹೊಸ ರೋಗವೇನಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕತೆ ಇದೇ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ಘಾಟಿ ದಾರಿ. ಕಳ್ಳರು ಒಬ್ಬನನ್ನು ಹೊಡೆದು, ಬಟ್ಟೆ ಕಿತ್ತು, ಅರೆಜೀವ ಮಾಡಿ ಹೋದರು. ಯಾಜಕ ಬಂದ, ಕಂಡ, ಆಚೆ ಬದಿಯಿಂದ ಹೋದ. ಲೇವಿಯನೂ ಹಾಗೇ. ಇಬ್ಬರೂ ದೇವಾಲಯದ ಜನ, ಶಾಸ್ತ್ರ ಬಲ್ಲವರು! ನಿಂತವನು ಸಮಾರ್ಯದವನು. ಯೆಹೂದ್ಯರು ಹತ್ತಿರ ಸೇರಿಸದ ಪೈಕಿಯವನು. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ.

ಈ ಕತೆ ಹುಟ್ಟಿದ್ದು ಒಬ್ಬ ಶಾಸ್ತ್ರಿಯ ಪ್ರಶ್ನೆಯಿಂದ. ನನ್ನ ನೆರೆಯವನು ಯಾರು ಅಂತ ಕೇಳಿದ್ದ ಅವನು. ಲಿಸ್ಟು ಕೊಡಿ, ಅಷ್ಟು ಮಂದಿಗೆ ಉಪಕಾರ ಮಾಡಿ ಕೈ ತೊಳೆದುಕೊಳ್ಳುತ್ತೇನೆ ಎಂಬ ಧಾಟಿ. ಯೇಸು ಲಿಸ್ಟು ಕೊಡಲಿಲ್ಲ. ಬಿದ್ದವನಿಗೆ ನೆರೆಯವನಾದದ್ದು ಈ ಮೂವರಲ್ಲಿ ಯಾರು ಅಂತ ಪ್ರಶ್ನೆಯನ್ನೇ ತಿರುಗಿಸಿದ. ಬಿದ್ದವನ ಹೆಸರು, ಜಾತಿ ಕತೆಯಲ್ಲಿ ಇಲ್ಲವೇ ಇಲ್ಲ. ಕೈ ಚಾಚುವ ಮೊದಲು ಎದುರಿನವನ ಧರ್ಮ ನೋಡುವ ಚಟ ಹತ್ತಿದ ನಮ್ಮ ಊರುಗಳಿಗೆ ಇದಕ್ಕಿಂತ ದೊಡ್ಡ ಪ್ರಸಂಗ ಬೇಕೆ?

ಇನ್ನು ಪೋಲೀಸು ಭಯದ ಮಾತು. ಸ್ವಾಮೀ, ಆ ನೆಪ ಈಗ ನಡೆಯುವುದಿಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚಿಯಲ್ಲೇ ಸಹಾಯ ಮಾಡಿದವನಿಗೆ ರಕ್ಷಣೆ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಸದುದ್ದೇಶದಿಂದ ಎತ್ತಿಕೊಂಡು ಹೋದವನ ಮೇಲೆ ಕೇಸಿಲ್ಲ. ಹೆಸರು, ವಿಳಾಸ ಹೇಳು ಅಂತ ಬಲವಂತ ಮಾಡುವಂತಿಲ್ಲ. ಈ ಹಕ್ಕುಗಳನ್ನು ಆಸ್ಪತ್ರೆಯವರು ಬಾಗಿಲಲ್ಲೇ ಬರೆದು ಹಾಕಬೇಕು. ಕಾನೂನಿನಲ್ಲಿ ಆ ಉಪಕಾರಿಗೆ ಇಟ್ಟ ಹೆಸರೇ 'ಗುಡ್ ಸಮಾರಿಟನ್', ಅಂದರೆ ಒಳ್ಳೆಯ ಸಮಾರ್ಯದವ! ಬೈಬಲಿನ ಕತೆ ಪಾರ್ಲಿಮೆಂಟಿಗೆ ಹೋಗಿ ಕಾನೂನಾಗಿ ಬಂದಿದೆ. ಆದರೆ ಬಸ್ ಸ್ಟ್ಯಾಂಡಿಗೆ ಇನ್ನೂ ಬಂದಿಲ್ಲ.

ಇಗರ್ಜಿಗಳಿಗೆ ಒಂದು ಮಾತು. ಈ ಕತೆಯ ಮೇಲೆ ಪ್ರಸಂಗ ಮಾಡುವ ದಿನ ಗುರುಗಳು, ಪಾದ್ರಿಗಳು ಈ ಕಲಮನ್ನೂ ಓದಿ ಹೇಳಲಿ. ಭಕ್ತರಿಗೆ ರಕ್ತ ನಿಲ್ಲಿಸುವ ಪಟ್ಟಿ ಕಟ್ಟುವುದನ್ನೂ ಕಲಿಸಲಿ. ಕತೆ ಕೇಳಿ ಕಣ್ಣೊರೆಸಿಕೊಂಡವ ಮರುದಿನ ಆಚೆ ಬದಿಯಿಂದ ಹೋದರೆ ಅವನು ಯಾಜಕನ ಶಿಷ್ಯನೇ ಹೊರತು ಯೇಸುವಿನ ಶಿಷ್ಯನಲ್ಲ.

ಅಂಗಡಿಯವರೇ, ಕತೆಯಲ್ಲಿ ನಿಮ್ಮವನೂ ಒಬ್ಬನಿದ್ದಾನೆ. ಸಮಾರ್ಯದವ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟ, ಅಂದರೆ ಕೂಲಿಯವನ ಎರಡು ದಿನದ ಸಂಬಳ. ಹೆಚ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಅಂದ. ಗುರುತಿಲ್ಲದವನ ಲೆಕ್ಕಕ್ಕೆ ಉದ್ರಿ! ಆ ಛತ್ರದವ ಬಾಗಿಲು ಹಾಕಿಕೊಂಡಿದ್ದರೆ ಸಮಾರ್ಯದವನ ಒಳ್ಳೆಯತನ ದಾರಿಯಲ್ಲೇ ಸಾಯುತ್ತಿತ್ತು. ರಸ್ತೆ ಬದಿಯಲ್ಲಿ ದಿನವಿಡೀ ಕೂತಿರುವವರು ನೀವು. ಒಂದು ಚೊಂಬು ನೀರು, ಒಂದು ಶುದ್ಧ ಬಟ್ಟೆ, 108ಕ್ಕೆ ಒಂದು ಫೋನು, ಇಷ್ಟಕ್ಕೆ ಬಂಡವಾಳ ಎಷ್ಟು ಬೇಕು?