ಕಂಟೇನರ್ ವೈಟ್‌ಫೀಲ್ಡ್‌ನಲ್ಲಿ, ಓದು ಮಾತ್ರ ಚೆನ್ನೈಯಲ್ಲಿ

ಪದವಿ ಫಲಿತಾಂಶ ಬಂದ ಮೇಲೆ ಊರುಗಳಿಂದ ನಮಗೆ ಬರುವ ಫೋನುಗಳಲ್ಲಿ ಈಚೆಗೆ ಒಂದು ಪ್ರಶ್ನೆ ಹೆಚ್ಚಾಗಿದೆ. ‘ಅಣ್ಣಾ, ಬಿಕಾಂ ಮುಗೀತು. ಬೆಂಗಳೂರಲ್ಲಿ ಲಾಜಿಸ್ಟಿಕ್ಸ್ ಎಂಬಿಎ ಮಾಡಿದ್ರೆ ಶಿಪ್ಪಿಂಗ್ ಕಂಪನೀಲಿ ಕೆಲಸ ಗ್ಯಾರಂಟಿ ಅಂತಾರೆ. ಸೇರಬಹುದಾ?’ ಕೇಳುವವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಫೀಸಿಗೆ ಬ್ಯಾಂಕ್ ಸಾಲ, ಸಾಲದ ಪತ್ರಕ್ಕೆ ಅಪ್ಪನ ಸಹಿ. ಒಂದೇ ಮಾತಿನಲ್ಲಿ ಹೌದು ಅಥವಾ ಬೇಡ ಎನ್ನುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ನಿಲುವು ಇಷ್ಟು: ಅಂತರರಾಷ್ಟ್ರೀಯ ಸಾಗಣೆ ಮತ್ತು ಶಿಪ್ಪಿಂಗ್ ನಿರ್ವಹಣೆಯ ವಿದ್ಯೆ ನಮ್ಮ ಹುಡುಗ ಹುಡುಗಿಯರಿಗೆ ಬೇಕು. ಅದನ್ನು ಸರ್ಕಾರಿ ವಿಶ್ವವಿದ್ಯಾಲಯವೊಂದು ಬೆಂಗಳೂರಿನ ಹೊರವಲಯದಲ್ಲೇ, ನಮ್ಮ ಕೈಗೆಟುಕುವ ಶುಲ್ಕದಲ್ಲಿ ಕಲಿಸಬೇಕು.

‘ಸಮುದ್ರವೇ ಇಲ್ಲದ ಬೆಂಗಳೂರಿಗೆ ಶಿಪ್ಪಿಂಗ್ ಓದು ಯಾಕೆ?’ ಎಂದು ನಗುವವರಿದ್ದಾರೆ. ಅವರಿಗೆ 1981ನ್ನು ನೆನಪಿಸಬೇಕು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಆ ವರ್ಷ ತೆರೆದದ್ದು ಮುಂಬೈಯ ಹಿನ್ನಾಡಿನಲ್ಲೂ ಅಲ್ಲ, ದೆಹಲಿಯಲ್ಲೂ ಅಲ್ಲ, ಬೆಂಗಳೂರಿನಲ್ಲಿ. ಆಗ ಅದನ್ನು ನಡೆಸುತ್ತಿದ್ದುದು ರೈಲ್ವೆ. 1988ರಲ್ಲಿ ಕಂಟೇನರ್ ಕಾರ್ಪೊರೇಷನ್, ಅಂದರೆ ಕಾನ್‌ಕಾರ್ ಸ್ಥಾಪನೆಯಾಗಿ, ಮರುವರ್ಷ ರೈಲ್ವೆಯ ಡಿಪೋಗಳನ್ನು ವಹಿಸಿಕೊಂಡಿತು. ಈಗ ಈ ಕೆಲಸದ ದೊಡ್ಡ ಕೇಂದ್ರ ವೈಟ್‌ಫೀಲ್ಡ್‌ನ ಡಿಪೋ. ಐಟಿ ಪಾರ್ಕಿನ ಗಾಜಿನ ಕಟ್ಟಡಗಳ ಫೋಟೋ ಎಲ್ಲರೂ ನೋಡಿರುತ್ತಾರೆ. ಅದೇ ವೈಟ್‌ಫೀಲ್ಡ್‌ನಲ್ಲಿ ಸಾಲು ಸಾಲು ಕಂಟೇನರ್‌ಗಳೂ ಇವೆ, ಅವನ್ನು ಚೆನ್ನೈ ಬಂದರಿಗೆ ಒಯ್ಯುವ ಗೂಡ್ಸ್ ರೈಲೂ ಇದೆ.

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ತಯಾರಾದ ಯಂತ್ರದ ಬಿಡಿಭಾಗ ಜರ್ಮನಿಗೆ ಹೋಗಬೇಕು ಎಂದುಕೊಳ್ಳಿ. ಅದರ ಶಿಪ್ಪಿಂಗ್ ಬಿಲ್ ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಸರಕು ವೈಟ್‌ಫೀಲ್ಡ್‌ಗೆ ಬರುತ್ತದೆ, ಕಸ್ಟಮ್ಸ್ ಅಧಿಕಾರಿ ರಫ್ತಿಗೆ ಅನುಮತಿ ಕೊಡುತ್ತಾರೆ, ಕಂಟೇನರ್‌ಗೆ ಸೀಲ್ ಬೀಳುತ್ತದೆ. ಕಾನೂನಿನ ದೃಷ್ಟಿಯಲ್ಲಿ ಬಹುಪಾಲು ಬಂದರಿನ ಕೆಲಸ ಇಲ್ಲೇ ಮುಗಿಯಿತು. ಚೆನ್ನೈಯಲ್ಲಿ ಹಡಗಿಗೆ ಏರಿಸುವುದಷ್ಟೇ ಬಾಕಿ.

ಇದರಲ್ಲಿ ಓದಿ ಕಲಿಯುವಂಥದ್ದೇನಿದೆ ಎಂದರೆ, ಒಂದು ಉದಾಹರಣೆ ಸಾಕು. ಮಾರುವವರು ಮತ್ತು ಕೊಳ್ಳುವವರ ನಡುವೆ ಖರ್ಚು ಯಾರದು, ನಷ್ಟ ಯಾರದು ಎಂದು ಹೇಳುವ ಇನ್‌ಕೋಟರ್ಮ್ಸ್ ಎಂಬ ಜಾಗತಿಕ ನಿಯಮಗಳಿವೆ. 2020ರ ಆವೃತ್ತಿಯಲ್ಲಿ ಇವು 11. ನಮ್ಮ ಸಣ್ಣ ಕಾರ್ಖಾನೆಯವರು ಅಭ್ಯಾಸಬಲದಿಂದ ‘ಎಫ್‌ಒಬಿ ಚೆನ್ನೈ’ ಎಂದು ಬರೆದುಬಿಡುತ್ತಾರೆ. ಹಾಗೆ ಬರೆದರೆ ಸರಕು ಚೆನ್ನೈಯಲ್ಲಿ ಹಡಗು ಏರುವವರೆಗೂ ನಷ್ಟದ ಹೊಣೆ ಮಾರುವವರದ್ದೇ. ವೈಟ್‌ಫೀಲ್ಡ್‌ನಲ್ಲಿ ಕಂಟೇನರ್ ಒಪ್ಪಿಸಿದ ಮೇಲೆ ಅದು ಇವರ ಕಣ್ಣಿಗೂ ಬೀಳುವುದಿಲ್ಲ, ಕೈಗೂ ಸಿಗುವುದಿಲ್ಲ. ಆದರೂ ಸುಮಾರು 350 ಕಿಲೋಮೀಟರ್ ದಾರಿಯಲ್ಲಿ ಏನಾದರೂ ಆದರೆ ಕೈ ಸುಡುವುದು ಇವರದ್ದೇ. ಅದೇ ಕಡೆ ‘ಎಫ್‌ಸಿಎ ವೈಟ್‌ಫೀಲ್ಡ್’ ಎಂದು ಒಪ್ಪಂದವಾಗಿದ್ದರೆ, ಕೊಳ್ಳುವವರು ಗೊತ್ತುಮಾಡಿದ ಸಾಗಣೆದಾರರಿಗೆ ಡಿಪೋದಲ್ಲಿ ಒಪ್ಪಿಸಿದ ಕೂಡಲೇ ಹೊಣೆ ಅವರಿಗೆ ದಾಟುತ್ತದೆ. ಕಂಟೇನರ್ ಸರಕಿಗೆ ಎಫ್‌ಸಿಎ ಸೂಕ್ತ ಎಂದು ಆ ನಿಯಮಗಳೇ ಹೇಳುತ್ತವೆ. ವ್ಯತ್ಯಾಸ ಮೂರು ಅಕ್ಷರಗಳದ್ದು, ಅದನ್ನು ತಿಳಿದವರು ಆಫೀಸಿನಲ್ಲಿ ಇರಬೇಕು ಅಷ್ಟೆ.

ಹಾಗೆಯೇ ಕಂಟೇನರ್ ಬಾಡಿಗೆಯ ಲೆಕ್ಕ. ಕಂಟೇನರ್ ಶಿಪ್ಪಿಂಗ್ ಲೈನಿನ ಸ್ವತ್ತು, ಅದನ್ನು ಇಟ್ಟುಕೊಳ್ಳಲು ಇಂತಿಷ್ಟು ದಿನ ಉಚಿತ. ಒಂದು ಕಾಗದ ತಪ್ಪಾಗಿ ಸರಕು ನಿಂತರೆ ಡಿಪೋಗೆ ಗ್ರೌಂಡ್ ರೆಂಟ್, ಲೈನಿಗೆ ಡಿಟೆನ್ಷನ್ ಎಂದು ದಿನದ ಲೆಕ್ಕದಲ್ಲಿ ಎರಡು ಮೀಟರ್ ಓಡತೊಡಗುತ್ತವೆ. ಸಣ್ಣ ಘಟಕದ ಲಾಭವೆಲ್ಲ ಅಲ್ಲೇ ಕರಗಬಹುದು.

ಇದು ಕಾರ್ಖಾನೆಗೆ ಮಾತ್ರ ಸಂಬಂಧಿಸಿದ್ದಲ್ಲ. ಚಿಕ್ಕಬಳ್ಳಾಪುರ, ಕೋಲಾರದ ರೈತರು ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಗೆ ನಮ್ಮ ಅಡುಗೆಮನೆಗಳಲ್ಲಿ ಬೇಡಿಕೆ ಕಡಿಮೆ. ಅದು ಹೋಗುವುದು ಮಲೇಷ್ಯಾ, ಸಿಂಗಪುರದ ಕಡೆಗೆ. 2020ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿದಾಗ ಈ ಈರುಳ್ಳಿಯೂ ಸಿಕ್ಕಿಬಿತ್ತು. ಅಕ್ಟೋಬರಿನಲ್ಲಿ 10,000 ಟನ್‌ಗೆ ವಿನಾಯಿತಿ ಬಂತು. ಆದರೆ ಚೆನ್ನೈ ಬಂದರಿನ ಮೂಲಕ ಮಾತ್ರ, 2021ರ ಮಾರ್ಚ್ 31ರೊಳಗೆ, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಸಮೇತ. ಇಂಥ ಅಧಿಸೂಚನೆ ಹೊರಬಿದ್ದ ದಿನವೇ ಅದನ್ನು ಓದಿ, ಅರ್ಥಮಾಡಿಕೊಂಡು, ಕಂಟೇನರ್ ಬುಕ್ ಮಾಡಬಲ್ಲವರು ರೈತ ಉತ್ಪಾದಕ ಕಂಪನಿಗಳಲ್ಲಿ ಎಷ್ಟು ಜನ ಇದ್ದಾರೆ? ತಿಳಿದವರು ದಲ್ಲಾಳಿಗಳ ಕಡೆ ಇದ್ದರೆ, ವಿನಾಯಿತಿಯ ಲಾಭವೂ ಆ ಕಡೆಗೇ ಹೋಗುತ್ತದೆ.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಹೂತಿಗಳ ದಾಳಿ ಶುರುವಾದಾಗ ಯೂರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾವನ್ನು ಸುತ್ತಿ ಹೋಗತೊಡಗಿದವು. ದಾರಿ ವಾರಗಟ್ಟಲೆ ಉದ್ದವಾಯಿತು, ಬಾಡಿಗೆ ಏರಿತು. ಇಟಲಿಗೆ, ಜರ್ಮನಿಗೆ ಹೋಗುವ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿಗೂ ಅದರ ಬಿಸಿ ತಟ್ಟಿತು.

ಈಗ, ಈ ಕ್ಷೇತ್ರದಲ್ಲಿ ನಮ್ಮವರು ಎಲ್ಲಿದ್ದಾರೆ ನೋಡೋಣ. ಜನ ಇಂದಿಗೂ ಸಿಎಚ್‌ಎ ಎಂದೇ ಕರೆಯುವ ಕಸ್ಟಮ್ಸ್ ಬ್ರೋಕರ್‌ಗಳ ಆಫೀಸುಗಳಲ್ಲಿ ಮೂರು ಮೆಟ್ಟಿಲುಗಳಿವೆ. ಪರೀಕ್ಷೆ ಬರೆಯದ ನೌಕರರಿಗೆ ಎಚ್ ಕಾರ್ಡ್. ಕಸ್ಟಮ್ಸ್ ನಡೆಸುವ ಪರೀಕ್ಷೆ ಪಾಸಾದ ನೌಕರರಿಗೆ ಜಿ ಕಾರ್ಡ್. ಲೈಸೆನ್ಸ್ ಪರೀಕ್ಷೆಯನ್ನೇ ಗೆದ್ದವರಿಗೆ ಎಫ್ ಕಾರ್ಡ್. ಡಿಪೋದ ಗೇಟಿನಲ್ಲಿ ಫೈಲ್ ಹಿಡಿದು ನಿಂತವರನ್ನು ಮಾತಾಡಿಸಿದರೆ ಶಿರಾ, ಮುಳಬಾಗಿಲು, ಪಾವಗಡದ ಕನ್ನಡ ಕೇಳುತ್ತದೆ. ಬಹಳಷ್ಟು ಮಂದಿ ಎಚ್ ಕಾರ್ಡಿನಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ. ದರ ಕುದುರಿಸುವ, ಮಾರ್ಗ ತೀರ್ಮಾನಿಸುವ, ವಿಮೆ ನೋಡಿಕೊಳ್ಳುವ ಕುರ್ಚಿಗಳು ಒಳಗಿನ ಎಸಿ ಕೋಣೆಯಲ್ಲಿವೆ. ಅಲ್ಲಿಗೆ ಹೋಗುವ ಬಾಗಿಲಿನಲ್ಲಿ ಇಂಗ್ಲಿಷ್ ಮತ್ತು ಸ್ನಾತಕೋತ್ತರ ಪದವಿ ಎರಡನ್ನೂ ಕೇಳುತ್ತಾರೆ.

ಆ ಪದವಿ ಎಲ್ಲಿ ಸಿಗುತ್ತದೆ? ಕೇಂದ್ರ ಸರ್ಕಾರ 2008ರಲ್ಲಿ ಸ್ಥಾಪಿಸಿದ ಭಾರತೀಯ ಸಾಗರ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಎರಡು ಎಂಬಿಎಗಳಿವೆ. ಒಂದು ಅಂತರರಾಷ್ಟ್ರೀಯ ಸಾಗಣೆ ಮತ್ತು ಲಾಜಿಸ್ಟಿಕ್ಸ್ ನಿರ್ವಹಣೆ, ಇನ್ನೊಂದು ಬಂದರು ಮತ್ತು ಶಿಪ್ಪಿಂಗ್ ನಿರ್ವಹಣೆ. ಕೇಂದ್ರ ಕಚೇರಿ ಚೆನ್ನೈ. ಕ್ಯಾಂಪಸ್‌ಗಳಿರುವುದು ಚೆನ್ನೈ, ಕೊಚ್ಚಿ, ವಿಶಾಖಪಟ್ಟಣ, ಕೋಲ್ಕತ್ತ ಮತ್ತು ಮುಂಬೈ ಕಡೆ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕರಾವಳಿ, ನವ ಮಂಗಳೂರಿನಂಥ ಪ್ರಮುಖ ಬಂದರು, ದೇಶದ ಮೊದಲ ಒಳನಾಡು ಡಿಪೋ ಇರುವ ಕರ್ನಾಟಕದಲ್ಲಿ ಅದರ ಒಂದು ಕ್ಯಾಂಪಸ್ಸೂ ಇಲ್ಲ. ಸಾರಿಗೆಗೆಂದೇ ಇರುವ ಗತಿಶಕ್ತಿ ವಿಶ್ವವಿದ್ಯಾಲಯ ಇನ್ನೂ ದೂರದ ವಡೋದರಾದಲ್ಲಿದೆ.

ಈ ಖಾಲಿ ಜಾಗವನ್ನು ತುಂಬುತ್ತಿರುವುದು ಖಾಸಗಿ ಸಂಸ್ಥೆಗಳ ಬ್ರೋಷರ್‌ಗಳು. ಮುಖಪುಟದಲ್ಲಿ ಹಡಗಿನ ಚಿತ್ರ. ಒಳಗೆ ನೋಡಿದರೆ ಮಾಮೂಲಿ ಎಂಬಿಎ, ಕೊನೆಯಲ್ಲಿ ಲಾಜಿಸ್ಟಿಕ್ಸ್ ಹೆಸರಿನ ಎರಡೋ ಮೂರೋ ಪೇಪರ್. ಎಲ್ಲ ಕಾಲೇಜೂ ಹೀಗೇ ಎನ್ನುವುದಿಲ್ಲ. ಆದರೆ ಸಾಲ ಮಾಡಿ ಸೇರುವ ಮನೆಗೆ ಒಳ್ಳೆಯದನ್ನೂ ಟೊಳ್ಳನ್ನೂ ಬೇರೆ ಮಾಡಿ ನೋಡುವ ದಾರಿ ಗೊತ್ತಿರುವುದಿಲ್ಲ.

‘ಕೆಲಸ ಮಾಡ್ತಾ ಕಲಿತರೆ ಸಾಕು, ಡಿಗ್ರಿ ಯಾಕೆ?’ ಎನ್ನುವ ವಾದದಲ್ಲಿ ಅರ್ಧ ಸತ್ಯವಿದೆ. 2018ರ ಕಸ್ಟಮ್ಸ್ ಬ್ರೋಕರ್ ನಿಯಮಗಳ ಪ್ರಕಾರ ಎಂಬಿಎಯಂಥ ಪದವಿ ಇದ್ದವರು ಲೈಸೆನ್ಸ್ ಪರೀಕ್ಷೆಗೆ ಕೂರಬಹುದು. ಎಂಬಿಎ ಇಲ್ಲದ ಪದವೀಧರರು ಎರಡು ವರ್ಷ ಜಿ ಕಾರ್ಡಿನಲ್ಲಿ ದುಡಿದಿದ್ದರೂ ಕೂರಬಹುದು. ಅಂದರೆ ಕ್ಲಿಯರಿಂಗ್ ಕೆಲಸದಲ್ಲೇ ಮೇಲೇರಬೇಕು ಎನ್ನುವವರು ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ. ಇದನ್ನು ಯಾವ ಬ್ರೋಷರೂ ಹೇಳುವುದಿಲ್ಲ, ನಾವು ಹೇಳುತ್ತಿದ್ದೇವೆ. ಉಳಿದರ್ಧ ಬೇರೆ. ಬೆಂಗಳೂರಿನಿಂದ ಚೆನ್ನೈಯಷ್ಟೇ ದೂರದಲ್ಲಿ ಮಂಗಳೂರಿದೆ. ಆದರೂ ಇಲ್ಲಿನ ಕಂಟೇನರ್ ಪೂರ್ವಕ್ಕೇ ಹೋಗುವುದು ಯಾಕೆ? ಮಳೆಗಾಲದಲ್ಲಿ ಕುಸಿಯುವ ಶಿರಾಡಿ ಘಾಟಿ ಎಷ್ಟು ಕಾರಣ, ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 50 ಅಡಿಗೆ ಒಂದಡಿ ಏರುವ ರೈಲು ಹಳಿ ಎಷ್ಟು ಕಾರಣ, ಮಂಗಳೂರಿಗೆ ಬರುವ ಕಂಟೇನರ್ ಹಡಗುಗಳ ಕೊರತೆ ಎಷ್ಟು ಕಾರಣ? ದಾಬಸ್‌ಪೇಟೆ ಕಡೆ ಮುದ್ದಲಿಂಗನಹಳ್ಳಿಯಲ್ಲಿ ಸುಮಾರು 400 ಎಕರೆಯ ಲಾಜಿಸ್ಟಿಕ್ಸ್ ಪಾರ್ಕ್ ಬಂದರೆ ಪೀಣ್ಯದ ಲೆಕ್ಕ ಹೇಗೆ ಬದಲಾಗುತ್ತದೆ? ಇವಕ್ಕೆ ಉತ್ತರ ಡಿಪೋದ ಗೇಟಿನಲ್ಲಿ ನಿಂತರೆ ಸಿಗುವುದಿಲ್ಲ, ಕೂತು ಓದಬೇಕು. ಆ ಪಾರ್ಕಿಗೆ ಭೂಮಿ ಕೊಟ್ಟ ಸೀಮೆಯ ಮಕ್ಕಳು ಅಲ್ಲಿ ಸೆಕ್ಯೂರಿಟಿ ಗಾರ್ಡುಗಳಾಗಿಯೇ ಉಳಿಯಬಾರದು ಎಂದಾದರೆ ಓದು ಈಗಲೇ ಶುರುವಾಗಬೇಕು.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಮೂರು. ಮೊದಲನೆಯದು, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಸಾಗರ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಈ ಸ್ನಾತಕೋತ್ತರ ಕೋರ್ಸ್ ಆರಂಭಿಸಲಿ. ಕೋಲಾರದ ಈ ವಿಶ್ವವಿದ್ಯಾಲಯಕ್ಕೆ ವೈಟ್‌ಫೀಲ್ಡ್ ದೂರವಲ್ಲ. ಎರಡನೆಯದು, ಎಚ್ ಕಾರ್ಡಿನಲ್ಲಿ ದುಡಿಯುವವರು ಕೆಲಸ ಬಿಡದೆ ಓದುವಂತೆ ಸಂಜೆ ತರಗತಿ ಇರಲಿ, ಡಿಪೋದಲ್ಲಿ ತರಬೇತಿ ಕಡ್ಡಾಯವಾಗಲಿ. ಮೂರನೆಯದು, ಮೊದಲ ಸೆಮಿಸ್ಟರಿಗೆ ಕನ್ನಡದಲ್ಲಿ ಪಠ್ಯ ಬರಲಿ. ಬಿಲ್ ಆಫ್ ಲೇಡಿಂಗ್ ಎನ್ನುವುದು ಸರಕಿನ ರಸೀದಿಯೂ ಹೌದು, ಸಾಗಣೆಯ ಕರಾರಿನ ಸಾಕ್ಷಿಯೂ ಹೌದು, ಸರಕಿನ ಹಕ್ಕುಪತ್ರವೂ ಹೌದು ಎಂದು ಕನ್ನಡದಲ್ಲಿ ಒಮ್ಮೆ ಅರ್ಥವಾದರೆ, ಆಮೇಲೆ ಇಂಗ್ಲಿಷ್ ಕಾಗದ ಅಷ್ಟು ಹೆದರಿಸುವುದಿಲ್ಲ.

ಅಲ್ಲಿಯವರೆಗೆ ಫೋನ್ ಮಾಡುವ ತಮ್ಮಂದಿರು, ತಂಗಿಯರು ಫೀಸ್ ಕಟ್ಟುವ ಮುಂಚೆ ಕಾಲೇಜಿನಲ್ಲಿ ಇಷ್ಟು ಕೇಳಿ: ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಶಿಪ್ಪಿಂಗ್, ಕಸ್ಟಮ್ಸ್, ಸಾಗರ ವಿಮೆಯ ಪೇಪರ್‌ಗಳು ಎಷ್ಟು? ಪಾಠ ಮಾಡುವವರಲ್ಲಿ ಈ ಕೆಲಸ ಮಾಡಿದವರು ಯಾರಾದರೂ ಇದ್ದಾರಾ? ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ತಿಂಗಳು? ಕಳೆದ ವರ್ಷ ಮುಗಿಸಿದ ಐದು ಜನರ ನಂಬರ್ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಅಪ್ಪನ ಸಹಿ ಹಾಕಿಸಬೇಡಿ. ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಒಂದು ವರ್ಷ ತಯಾರಿ ಮಾಡುವುದು ಅದಕ್ಕಿಂತ ಅಗ್ಗ.