ಲಿನಕ್ಸ್‌ನಲ್ಲಿ ವೈಫೈ ಬರಲ್ವಂತೆ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ 11 ಹಿಡಿಸಲ್ಲ. "ಗುಜರಿಗೆ ಹಾಕ್ಬಿಡಿ ಸಾರ್" ಅಂದನಂತೆ ಅಂಗಡಿಯವನು. ನನಗೆ ರೇಗಿ, ಭಾನುವಾರ ಕುವೆಂಪುನಗರದ ಮನೆಗೆ ಹೋಗಿ ಲಿನಕ್ಸ್ ಮಿಂಟ್ ಹಾಕಿದೆ.

ಸೌಂಡು, ಪ್ರಿಂಟರ್ ಎಲ್ಲಾ ಬಂತು, ವೈಫೈ ಬಿಟ್ಟು! "ಇದೇನಾ ನಿನ್ನ ಲಿನಕ್ಸು?" ಅಪ್ಪ ನಕ್ಕರು.

ಸ್ವಾಮಿ, ತಪ್ಪು ಲಿನಕ್ಸ್‌ದಲ್ಲ. ಯುಎಸ್‌ಬಿ ಡಾಂಗಲ್‌ನೊಳಗಿನ ಚಿಪ್ ಮಾಡಿದವರು ಡ್ರೈವರನ್ನು ಕರ್ನಲ್‌ಗೆ ಕೊಟ್ಟೇ ಇಲ್ಲ. ತಮಾಷೆ ಅಂದ್ರೆ ಹಾಲ್‌ನಲ್ಲಿ ಮಿಣಮಿಣ ಅನ್ನೋ ರೌಟರ್‌ಗಳಲ್ಲಿ ಬಹುಪಾಲು ಓಡೋದೇ ಲಿನಕ್ಸ್. ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ರೌಟರ್‌ನಲ್ಲಿ ಲಿನಕ್ಸ್ ಬಳಸಿದ್ದು ಬಯಲಾಗಿ, ಜಿಪಿಎಲ್ ಲೈಸೆನ್ಸ್ ಪ್ರಕಾರ 2003ರಲ್ಲಿ ಸೋರ್ಸ್ ಕೋಡ್ ಬಿಡಬೇಕಾಯ್ತು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು, ಇವತ್ತಿಗೂ ಇದೆ. ಕೋಡ್ ತೆರೆದಿದ್ರೆ ಯಂತ್ರದ ಆಯಸ್ಸು ಹೆಚ್ಚುತ್ತೆ. ಮುಚ್ಚಿಟ್ರೆ ಗುಜರಿ.

ಕೊನೆಗೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು. ಆ ಚಿಪ್‌ಗೆ ಯಾರೋ ಬರೆದ ಡ್ರೈವರ್ ಸಿಕ್ಕಿತು, ಆದ್ರೆ ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಕೈಕೊಡೋ ಜಾತಿ. ಬೆಂಗಳೂರಿಂದ ನಾನು ಪ್ರತಿಸಲ ಓಡಿಬರಕ್ಕಾಗುತ್ತಾ? ಎಂಟಿ7601ಯು ಚಿಪ್‌ನ ಡಾಂಗಲ್ ತರಿಸಿದೆ. ಅದರ ಡ್ರೈವರ್ 2015ರಿಂದಲೇ ಕರ್ನಲ್‌ನಲ್ಲಿದೆ, ಸಿಕ್ಕಿಸಿದರೆ ಸಾಕು.

ನೀವೂ ಕೊಳ್ಳೋ ಮುಂಚೆ ಡಬ್ಬದ ಮೇಲಿನ ಹೆಸರಲ್ಲ, ಒಳಗಿನ ಚಿಪ್ ಯಾವುದು ಅಂತ ಕೇಳಿ. ಒಂದೇ ಮಾಡೆಲ್‌ನ ವರ್ಷನ್ 2ರಲ್ಲಿ ಬೇರೆ ಚಿಪ್ ಹಾಕಿರ್ತಾರೆ, ಹುಷಾರು.

ಅಪ್ಪ ಈಗ ಅದರಲ್ಲೇ ಇ-ಪೇಪರ್ ಓದ್ತಾರೆ. ಅಂಗಡಿಯವನಿಗೂ ತೋರಿಸ್ಕೊಂಡು ಬಂದರಂತೆ.