ಹಗುರ ರೈಫಲ್ಲು, ಭಾರದ ಮಾತು

ನಮ್ಮ ಗೌರಿಬಿದನೂರು, ಚಿಂತಾಮಣಿ ಕಡೆ ಕಾಡುಹಂದಿ ಕಾಟದ ಮಾತು ಬಂದರೆ ಸಾಕು, ಗೆಳೆಯರು ಶುರು ಹಚ್ಚಿಕೊಳ್ತಾರೆ: ಅಮೆರಿಕದವರ ಹಾಗೆ ಹಗುರಾದ, ಐನೂರು ಮೀಟರಿಗೂ ಗುರಿ ತಪ್ಪದ ರೈಫಲ್ ಇರಬೇಕಿತ್ತು!

ಸ್ವಾಮಿ, ತೋಟಾ ಅದೇ ಇದ್ದರೆ ರೈಫಲ್ ಹಗುರಾದಷ್ಟೂ ಭುಜಕ್ಕೆ ಒದೆಯೋದು ಜಾಸ್ತಿ. ನ್ಯೂಟನ್ನನ್ನು ಪಿಯುಸಿಯಲ್ಲೇ ಓದಿದ್ದೀವಲ್ಲ? ಒದೆತಕ್ಕೆ ಹೆದರಿದವನ ಗುರಿ ತಪ್ಪುತ್ತೆ. ಅರೆಬರೆ ತಗುಲಿದ ಗುಂಡಿನ ಕಥೆ ಬೇಕಾ? 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತು. ಹಳೆಯ ಗುಂಡೇಟಿಗೆ ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು ಅಂತ ಕಾರ್ಬೆಟ್ಟೇ ಬರೆದಿದ್ದಾನೆ. ಹೊಡೆದವನು ಯಾರೋ, ಸತ್ತವರು ಹಳ್ಳಿಯವರು.

ನಮ್ಮಲ್ಲಿ ಹಂದಿ ಮುಸುಕಿನ ಜೋಳಕ್ಕೆ ನುಗ್ಗೋದು ರಾತ್ರಿ. ಪಂಪ್‌ಸೆಟ್ಟಿಗೆ ಕರೆಂಟು ಬರೋದೂ ಎಷ್ಟೋ ಸಲ ರಾತ್ರಿಯೇ. ತಪ್ಪಿದ ಗುಂಡು ಬದುವಿನ ಹತ್ತಿರ ನಿಲ್ಲೋಲ್ಲ. ಆಚೆ ಹಿಪ್ಪುನೇರಳೆಗೆ ನೀರು ಹಾಯಿಸ್ತಿರೋನು ಹಂದಿಯಲ್ಲವಲ್ಲ!

ಮೋಜಿನ ಬೇಟೆಗಂತೂ 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿ ಬಾಗಿಲು ಮುಚ್ಚಿದೆ. ಕೇಳೋದಿದ್ದರೆ ಹಗಲು ತ್ರೀಫೇಸ್ ಕರೆಂಟು, ಗಟ್ಟಿ ಬೇಲಿ, ತಿಂದ ಬೆಳೆಗೆ ಬೇಗ ಪರಿಹಾರ ಕೇಳಿ. ಐನೂರು ಮೀಟರ್ ಆಚೆಯ ಹಂದಿ ಕಾಣೋ ಕಣ್ಣಿಗೆ ಪಕ್ಕದ ಹೊಲದ ಮನುಷ್ಯ ಕಾಣಬೇಡವೇ? ಏನಂತೀರಿ?